ಎರಡು ಪೇಪರ್‌ಗಳ ನಡುವಿನ ನಲವತ್ತೈದು ಗಂಟೆ

ಚಾರ್ಟರ್ಡ್ ಅಕೌಂಟೆಂಟ್ (ಸಿಎ) ಓದಿನ ಎರಡನೇ ಹಂತವಾದ ಇಂಟರ್ ಪರೀಕ್ಷೆಯ ಪೇಪರ್ ಮಧ್ಯಾಹ್ನ 2 ಗಂಟೆಗೆ ಶುರುವಾಗಿ ಸಂಜೆ 5ಕ್ಕೆ ಮುಗಿಯುತ್ತದೆ. ಸಾಮಾನ್ಯವಾಗಿ ನಡುವೆ ಒಂದು ದಿನ ಬಿಡುವು. ಅದರ ಮಾರನೇ ದಿನ ಮತ್ತೆ 2 ಗಂಟೆಗೆ ಮುಂದಿನ ಪೇಪರ್. ಲೆಕ್ಕ ಹಾಕಿದರೆ ಕೈಗೆ ಸಿಗುವುದು 45 ಗಂಟೆ. ಎರಡು ರಾತ್ರಿಯ ನಿದ್ದೆಗೆ 14 ಗಂಟೆ ತೆಗೆಯಿರಿ. ಪರೀಕ್ಷೆ ಮುಗಿಸಿ ರೂಮಿಗೆ ಬಂದು, ಊಟ ಮಾಡಿ, ತಲೆ ತಣ್ಣಗಾಗಲು ಮೂರು ಗಂಟೆ. ಬಿಡುವಿನ ದಿನದ ಸ್ನಾನ, ತಿಂಡಿ, ಊಟಕ್ಕೆ ಇನ್ನು ಮೂರು. ಪರೀಕ್ಷೆಯ ದಿನ ಬೆಳಿಗ್ಗೆ ಹೊರಟು ಕೇಂದ್ರ ತಲುಪಿ ಕೂರುವವರೆಗೆ ಮತ್ತೆ ಮೂರು. ಉಳಿದದ್ದು ಹೆಚ್ಚೆಂದರೆ 22 ಗಂಟೆ, ಅದರಲ್ಲಿ ನಿಜವಾಗಿ ಓದಿಗೆ ಬರುವುದು ಇಪ್ಪತ್ತು.

ಎಂಟು ತಿಂಗಳು ಓದಿದ ಒಂದಿಡೀ ವಿಷಯ ಆ ಇಪ್ಪತ್ತು ಗಂಟೆಯಲ್ಲಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಮತ್ತೊಮ್ಮೆ ಕಣ್ಣಮುಂದೆ ಹಾಯಬೇಕು. ಇಂಟರ್ ಪಾಸಾಗುವ ಬಗ್ಗೆ ಹೇಳಬೇಕಾದ ಮಾತೆಲ್ಲ ಈ ಲೆಕ್ಕದಿಂದಲೇ ಹುಟ್ಟುತ್ತದೆ. ಹಾಸನ, ಚಿಕ್ಕಮಗಳೂರು ಕಡೆಯಿಂದ ಬಿಕಾಂ ಓದುತ್ತ ಸಿಎಗೆ ಕಟ್ಟುವ ಮಕ್ಕಳಲ್ಲಿ ಶ್ರಮಕ್ಕೆ ಕೊರತೆ ಕಾಣುವುದಿಲ್ಲ. ಬೆಳಗಿನ ನಾಲ್ಕಕ್ಕೆ ಎದ್ದು ಕೂರುವವರು ಬೇಕಾದಷ್ಟಿದ್ದಾರೆ. ಆದರೆ ಓದನ್ನು ಕೊನೆಯಿಂದ ಹಿಂದಕ್ಕೆ ಎಣಿಸುವವರು ಕಡಿಮೆ. ಕ್ಲಾಸ್ ಮುಗಿಸುವುದನ್ನೇ ಸಿಲಬಸ್ ಮುಗಿಸುವುದು ಅಂದುಕೊಂಡು ಪರೀಕ್ಷೆಗೆ ಹದಿನೈದು ದಿನ ಇರುವಾಗ ಮೊದಲ ಸಲ ಪುಸ್ತಕ ಬಿಚ್ಚುವವರೇ ಹೆಚ್ಚು. ಅವರು ಸೋತಾಗ ಬುದ್ಧಿ ಸಾಲದೆ ಸೋತೆವು ಅಂದುಕೊಳ್ಳುತ್ತಾರೆ. ಅದು ಬೇಸರದ ಸಂಗತಿ, ಯಾಕೆಂದರೆ ಸೋತದ್ದು ಕ್ಯಾಲೆಂಡರಿನಲ್ಲಿ.

ಹಿಂದಕ್ಕೆ ಎಣಿಸುವುದು ಹೀಗೆ. ಕೊನೆಯ ಪುನರಾವರ್ತನೆ ಒಂದು ವಿಷಯಕ್ಕೆ ಒಂದೂವರೆ ದಿನ. ಅದು ಒಂದೂವರೆ ದಿನದಲ್ಲಿ ಆಗಬೇಕಾದರೆ ಅದಕ್ಕೆ ಮುಂಚೆ ಒಮ್ಮೆ ಮೂರು ದಿನದಲ್ಲಿ ಮಾಡಿರಬೇಕು. ಮೂರು ದಿನದಲ್ಲಿ ಆಗಬೇಕಾದರೆ ಅದಕ್ಕೂ ಮುಂಚೆ ಒಮ್ಮೆ ಆರು ದಿನದಲ್ಲಿ ಮಾಡಿರಬೇಕು. ಆರು, ಮೂರು, ಒಂದೂವರೆ ಸೇರಿ ಒಂದು ವಿಷಯಕ್ಕೆ ಹತ್ತೂವರೆ ದಿನ. ತಲಾ ಮೂರು ಪೇಪರಿನ ಎರಡು ಗ್ರೂಪ್ ಸೇರಿ ಆರು ಪೇಪರಿಗೆ 63 ದಿನ. ಪ್ರತಿ ಪೇಪರಿಗೆ ಒಂದಾದರೂ ಪೂರ್ಣ ಮೂರು ಗಂಟೆಯ ಮಾದರಿ ಪರೀಕ್ಷೆ ಬರೆಯಲು ಆರು ದಿನ ಸೇರಿಸಿದರೆ 69. ಒಂದು ದಿನ ಜ್ವರಕ್ಕೋ, ಮನೆಯ ಕೆಲಸಕ್ಕೋ ಬಿಟ್ಟು ಎಪ್ಪತ್ತು ಅನ್ನಿ. ಮೇ ಮೊದಲ ವಾರ ಪರೀಕ್ಷೆ ಇದ್ದರೆ ಫೆಬ್ರವರಿ ಕೊನೆಯ ಹೊತ್ತಿಗೆ ಮೊದಲ ಓದು, ಕ್ಲಾಸು, ಎಲ್ಲವೂ ಮುಗಿದಿರಬೇಕು. ಮುಗಿಯದಿದ್ದರೆ ಉಳಿದ ಅಧ್ಯಾಯಗಳಲ್ಲಿ ಯಾವುದನ್ನು ಮೇಲುಮೇಲೆ ನೋಡುವುದು ಅಂತ ಅವತ್ತೇ ತೀರ್ಮಾನ ಮಾಡಬೇಕು. ಏಪ್ರಿಲ್‌ನಲ್ಲಿ ಹೊಸ ಅಧ್ಯಾಯದ ವಿಡಿಯೋ ಹಾಕಿಕೊಂಡು ಕೂತರೆ ಹಳೆಯದು ಕೈಬಿಡುತ್ತದೆ.

2024ರಿಂದ ಫೌಂಡೇಶನ್ (ಸಿಎ ಓದಿನ ಮೊದಲ ಹಂತ) ಮತ್ತು ಇಂಟರ್ ಪರೀಕ್ಷೆಗಳು ವರ್ಷಕ್ಕೆ ಮೂರು ಸಲ ಆಗುವ ಕ್ರಮ ಬಂತು: ಜನವರಿ, ಮೇ-ಜೂನ್ ಆಸುಪಾಸು, ಸೆಪ್ಟೆಂಬರ್. ನಮ್ಮ ಕಡೆ ಇದಕ್ಕೆ ಇನ್ನೊಂದು ಲೆಕ್ಕವಿದೆ. ತೋಟದ ಮನೆಯಲ್ಲಿ ಅರೇಬಿಕಾ ಕುಯ್ಲು ನವೆಂಬರ್‌ನಿಂದ ಜನವರಿವರೆಗೆ, ರೊಬಸ್ಟಾ ಡಿಸೆಂಬರ್ ದಾಟಿ ಫೆಬ್ರವರಿವರೆಗೆ. ಮನೆಯವರೆಲ್ಲ ಕಣದಲ್ಲಿರುವಾಗ, ಆಳುಗಳ ಲೆಕ್ಕ ಬರೆಯಲು ಮನೆಯ ಬಿಕಾಂ ಹುಡುಗಿಯನ್ನೇ ಕೂಗುವಾಗ, ಜನವರಿ ಅಟೆಂಪ್ಟಿನ ಎಪ್ಪತ್ತು ದಿನ ಸಿಗುವುದು ಕಷ್ಟ. ಮೇ ಅಟೆಂಪ್ಟಿಗೆ ಕುಯ್ಲು ಮುಗಿದ ಮೇಲೆ ಪುನರಾವರ್ತನೆಗೆ ಜಾಗ ಸಿಗುತ್ತದೆ, ಆದರೆ ಮೊದಲ ಓದು ಕುಯ್ಲಿನ ಮೇಲೇ ಬೀಳುತ್ತದೆ. ತೋಟದ ಮನೆಯವರಿಗೆ ಸೆಪ್ಟೆಂಬರ್ ಹೆಚ್ಚು ಒಗ್ಗುತ್ತದೆ ಎಂಬುದು ನಮ್ಮ ಅನಿಸಿಕೆ. ಆ ಎಪ್ಪತ್ತು ದಿನ ಜೂನ್ ಕೊನೆಯಿಂದ ಆಗಸ್ಟ್‌ವರೆಗಿನ ಮಳೆಗಾಲ. ಹೊರಗೆ ಕೆಲಸ ಕಡಿಮೆ, ಮನೆಯೊಳಗೇ ಇರುವ ದಿನಗಳು. ತೊಂದರೆ ಒಂದೇ, ಕರೆಂಟು ಮತ್ತು ನೆಟ್‌ವರ್ಕ್. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಗಾಳಿಮಳೆಗೆ ಮರ ಬಿದ್ದು ಲೈನು ಹೋದರೆ ಎರಡು ದಿನ ಬರದೆ ಇರಬಹುದು. ಆದ್ದರಿಂದ ಪುನರಾವರ್ತನೆ ಪೂರ್ತಿ ಕಾಗದದ ಮೇಲೆ ಇರಬೇಕು. ಜೂನ್ ಮುಗಿಯುವುದರೊಳಗೆ ಆರ್‌ಟಿಪಿ (ಪರೀಕ್ಷೆ ನಡೆಸುವ ಐಸಿಎಐ ಸಂಸ್ಥೆಯೇ ಹೊರತರುವ ರಿವಿಷನ್ ಟೆಸ್ಟ್ ಪೇಪರ್), ಹಳೆಯ ಪ್ರಶ್ನೆಪತ್ರಿಕೆ, ಅವಕ್ಕೆ ಸಂಸ್ಥೆ ಕೊಡುವ ಸಜೆಸ್ಟೆಡ್ ಆನ್ಸರ್ ಎಲ್ಲ ಪೇಟೆಯಲ್ಲಿ ಪ್ರಿಂಟ್ ಹಾಕಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ. ಮಳೆಗಾಲದ ಥಂಡಿಗೆ ಇಂಕ್‌ಜೆಟ್ ಪ್ರಿಂಟಿನ ಅಕ್ಷರ ಹರಡಿಕೊಳ್ಳುತ್ತದೆ, ಲೇಸರ್ ಪ್ರಿಂಟ್ ಅಥವಾ ಜೆರಾಕ್ಸ್ ಒಳ್ಳೆಯದು.

ಒಂದು ಗ್ರೂಪೋ ಎರಡೂ ಗ್ರೂಪೋ ಅನ್ನುವ ಪ್ರಶ್ನೆಗೆ ನಿಯಮವನ್ನೇ ಮೊದಲು ನೋಡಬೇಕು. ಪ್ರತಿ ಪೇಪರಿನಲ್ಲಿ ಕನಿಷ್ಠ 40, ಗ್ರೂಪಿನ ಮೂರು ಪೇಪರ್ ಸೇರಿ 300ಕ್ಕೆ 150. ಎರಡೂ ಗ್ರೂಪ್ ಒಟ್ಟಿಗೆ ಬರೆದರೆ ಒಂದು ಅನುಕೂಲವಿದೆ. ಮೊದಲ ಗ್ರೂಪಿನಲ್ಲಿ 160, ಎರಡನೆಯದರಲ್ಲಿ 142 ಬಂತು ಅನ್ನಿ. ಒಟ್ಟು 302. ಎಲ್ಲ ಪೇಪರಿನಲ್ಲೂ 40 ದಾಟಿದ್ದರೆ 600ಕ್ಕೆ 300 ಆಯಿತು, ಎರಡೂ ಪಾಸು. ಎರಡನೇ ಗ್ರೂಪ್ ಮಾತ್ರ ಬರೆದಿದ್ದರೆ ಅದೇ 142ಕ್ಕೆ ಫೇಲ್. ಎಂಟು ಅಂಕದ ಸಾಲ ಒಂದು ಗ್ರೂಪಿನಿಂದ ಇನ್ನೊಂದಕ್ಕೆ ಸಿಗುತ್ತದೆ. ಆದರೆ ಈ ಸಾಲದ ಆಸೆಗೆ ಅರೆಬರೆ ತಯಾರಿಯಲ್ಲಿ ಆರು ಪೇಪರ್ ಹೊತ್ತುಕೊಳ್ಳಬಾರದು. ಎಪ್ಪತ್ತು ದಿನ ಶುರುವಾಗುವ ದಿನ ಐದು ವಿಷಯವಾದರೂ ಪೂರ್ತಿ ಒಂದು ಸುತ್ತು ಮುಗಿದಿದ್ದರೆ ಎರಡೂ ಗ್ರೂಪ್ ಕಟ್ಟಿ. ಮೂರೇ ಮುಗಿದಿದ್ದರೆ ಒಂದೇ ಸಾಕು.

ಅರವತ್ತರ ನಿಯಮ ಇನ್ನೊಂದು. ಗ್ರೂಪ್ ಫೇಲಾದರೂ ಒಂದು ಪೇಪರಿನಲ್ಲಿ 60 ಅಥವಾ ಹೆಚ್ಚು ಬಂದಿದ್ದರೆ ಆ ಪೇಪರಿಗೆ ಮುಂದಿನ ಮೂರು ಅಟೆಂಪ್ಟ್ ವಿನಾಯಿತಿ. ಆದರೆ ಆ ಗ್ರೂಪಿನ ಎಲ್ಲ ಪೇಪರಿಗೂ ಹಾಜರಾಗಿರಬೇಕು. ಮೊದಲ ಪೇಪರ್ ಕೆಟ್ಟಿತೆಂದು ಉಳಿದವನ್ನು ಬಿಟ್ಟು ಬಸ್ ಹತ್ತಿ ಊರಿಗೆ ಬರುವವರು ಕಳೆದುಕೊಳ್ಳುವುದು ಇದನ್ನೇ. 62, 48, 37 ಬಂದವನು ಮುಂದಿನ ಸಲ 62 ಕೈಯಲ್ಲಿಟ್ಟುಕೊಂಡು ಎರಡೇ ಪೇಪರ್ ಬರೆಯುತ್ತಾನೆ. ಅವುಗಳಲ್ಲಿ 40ರ ಮೇಲೆ, ಎರಡೂ ಸೇರಿ 88 ಬಂದರೆ ಸಾಕು. ಅಳುತ್ತಾ ಬರೆದ ಮೂರನೇ ಪೇಪರಿಗೂ ಬೆಲೆಯಿದೆ.

ಇನ್ನು ಬರೆಯುವ ಮಾತು. ಈ ಪರೀಕ್ಷೆಯನ್ನು ಕಣ್ಣಿನಿಂದ ಓದಿ ಪಾಸಾಗಲು ಆಗುವುದಿಲ್ಲ, ಕೈ ಪಳಗಬೇಕು. 2023ರ ಹೊಸ ಕ್ರಮದ ಪ್ರಕಾರ ಇಂಟರ್‌ನಲ್ಲಿ 100 ಅಂಕದಲ್ಲಿ 30 ಅಂಕ ಎಂಸಿಕ್ಯೂಗೆ (ಸರಿ ಉತ್ತರ ಆರಿಸುವ ಪ್ರಶ್ನೆ), 70 ಅಂಕ ವಿವರವಾಗಿ ಬರೆಯುವ ಉತ್ತರಕ್ಕೆ. 180 ನಿಮಿಷವನ್ನು ಹೀಗೆ ಒಡೆದುಕೊಳ್ಳಿ: ಎಂಸಿಕ್ಯೂಗೆ 45, ಹೆಚ್ಚಿನ ಪೇಪರಿನಲ್ಲಿ ಇರುವಂತೆ ತಲಾ 14 ಅಂಕದ ಐದು ಪ್ರಶ್ನೆಗೆ 26ರಂತೆ 130, ಕೊನೆಗೆ ಪರಿಶೀಲನೆಗೆ 5. ಒಂದು ಲೆಕ್ಕದ ಮೇಲೆ ಹಟಕ್ಕೆ ಬಿದ್ದು 26ರ ಜಾಗದಲ್ಲಿ 40 ನಿಮಿಷ ಕೂತರೆ ಇನ್ನೊಂದು ಪ್ರಶ್ನೆಯ ಅರ್ಧ ಹೋಯಿತು. ಲೆಕ್ಕ ತಾಳೆಯಾಗದಿದ್ದರೂ ಬಿಟ್ಟು ಮುಂದೆ ಹೋಗಬೇಕು, ಯಾಕೆಂದರೆ ಅಂಕ ಹೆಜ್ಜೆಹೆಜ್ಜೆಗೂ ಬೀಳುತ್ತದೆ. ಬ್ಯಾಲೆನ್ಸ್ ಶೀಟ್ 300 ರೂಪಾಯಿಗೆ ತಾಳೆಯಾಗದಿದ್ದರೆ ಹೋಗುವುದು ಒಂದೋ ಎರಡೋ ಅಂಕ. ಅದನ್ನು ಹುಡುಕುತ್ತ ಕೂತರೆ ಹೋಗುವುದು ಹತ್ತು.

ಅಂಕ ಹೆಜ್ಜೆಗೆ ಬೀಳಬೇಕಾದರೆ ಹೆಜ್ಜೆ ಕಾಗದದ ಮೇಲೆ ಕಾಣಬೇಕು. ಇದಕ್ಕೆ ನಮ್ಮ ಮನೆಯಂಗಳದ ಲೆಕ್ಕವನ್ನೇ ತೆಗೆದುಕೊಳ್ಳೋಣ. ಪ್ರೋಸೆಸ್ ಕಾಸ್ಟಿಂಗ್‌ನ ನಾರ್ಮಲ್ ಲಾಸ್ ಅನೇಕರಿಗೆ ತಲೆಗೆ ಹತ್ತುವುದಿಲ್ಲ. ಆದರೆ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್ (ಒಣ ಕಾಫಿಯ ಹೊಟ್ಟು ತೆಗೆಯುವ ಕಾರ್ಖಾನೆ) ಹತ್ತಿರ ನಿಂತ ಯಾವ ಬೆಳೆಗಾರನಿಗೂ ಔಟ್‌ಟರ್ನ್ ಅಂದರೆ ಏನೆಂದು ವಿವರಿಸಬೇಕಾಗಿಲ್ಲ. ಒಣಗಿಸಿದ ಚೆರ್ರಿಯ ಐವತ್ತು ಕೆಜಿ ಚೀಲ ಹಾಕಿದರೆ ಇಪ್ಪತ್ತಾರೋ ಇಪ್ಪತ್ತೇಳೋ ಕೆಜಿ ಬೀಜ ಬರುತ್ತದೆ, ಉಳಿದದ್ದು ಹೊಟ್ಟು. ಆ ಹೊಟ್ಟು ಹೋಗಿಯೇ ತೀರುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಆದ್ದರಿಂದ ಅದರ ಖರ್ಚನ್ನು ಬೀಜವೇ ಹೊರಬೇಕು. ಅದೇ ನಾರ್ಮಲ್ ಲಾಸ್. 1,000 ಕೆಜಿ ಚೆರ್ರಿ ಹಾಕಿದ್ದೇವೆ, ಕ್ಯೂರಿಂಗ್ ಸೇರಿ ಒಟ್ಟು ವೆಚ್ಚ 2,08,960 ರೂಪಾಯಿ. ಮಾಮೂಲಿ ಔಟ್‌ಟರ್ನ್ ಶೇ. 52, ಅಂದರೆ 520 ಕೆಜಿ. ಹೊಟ್ಟು 480 ಕೆಜಿ, ಕೆಜಿಗೆ 2 ರೂಪಾಯಿಯಂತೆ 960 ಬರುತ್ತದೆ. ಅದನ್ನು ಕಳೆದರೆ 2,08,000. ಅದನ್ನು 520ರಿಂದ ಭಾಗಿಸಿದರೆ ಬೀಜದ ಕೆಜಿಗೆ 400. ನಿಜವಾಗಿ ಬಂದದ್ದು 500 ಕೆಜಿ ಮಾತ್ರ. ಕಡಿಮೆಯಾದ 20 ಕೆಜಿ ಅಬ್ನಾರ್ಮಲ್ ಲಾಸ್, ಅದರ ಬೆಲೆ 20ನ್ನು 400ರಿಂದ ಗುಣಿಸಿ 8,000. ಅದಕ್ಕೂ ಹೊಟ್ಟಿನ ಬೆಲೆ 40 ರೂಪಾಯಿ ಸಿಗುತ್ತದೆ. ಉಳಿದ 7,960 ಕಾಸ್ಟಿಂಗ್ ಪ್ರಾಫಿಟ್ ಅಂಡ್ ಲಾಸ್ ಅಕೌಂಟಿಗೆ. ಎಡವುವ ಜಾಗಗಳು ಎರಡು. ಒಂದು, 2,08,960ನ್ನು 960 ಕಳೆಯದೆ ನೇರ ಭಾಗಿಸುವುದು. ಎರಡು, 520ರ ಬದಲು ಬಂದ 500ರಿಂದ ಭಾಗಿಸುವುದು. ಹಾಗೆ ಮಾಡಿದರೆ ತಪ್ಪಿ ಹೋದ 20 ಕೆಜಿಯ ಹೊರೆಯೂ ಒಳ್ಳೆಯ ಬೀಜದ ಮೇಲೆ ಬೀಳುತ್ತದೆ. ಕೊನೆಯ ಉತ್ತರ ತಪ್ಪಿದರೂ "ನಾರ್ಮಲ್ ಔಟ್‌ಪುಟ್ 520" ಎಂಬ ಸಾಲು, ಕೆಜಿಗೆ ಎಷ್ಟು ಎಂಬ ಸೂತ್ರದ ಸಾಲು, ಅಕೌಂಟಿನ ಎರಡೂ ಬದಿಯ ಪರಿಮಾಣದ ಕಾಲಂ ಕಾಣಿಸಿದರೆ ಅಂಕ ಬರುತ್ತದೆ. ಕ್ಯಾಲ್ಕುಲೇಟರಿನಲ್ಲೇ ಎಲ್ಲ ಮುಗಿಸಿ ಉತ್ತರ ಮಾತ್ರ ಬರೆದರೆ ತಪ್ಪಿದ ದಿನ ಸೊನ್ನೆ.

ತೆರಿಗೆಯ ಪೇಪರಿನಲ್ಲಂತೂ ಕಾಫಿ ನೇರವಾಗಿಯೇ ಬರುತ್ತದೆ. 1962ರ ಆದಾಯ ತೆರಿಗೆ ನಿಯಮಗಳ ರೂಲ್ 7ಬಿ ಪ್ರಕಾರ ತಾನೇ ಬೆಳೆದು, ಕ್ಯೂರಿಂಗ್ ಮಾಡಿ ಮಾರಿದ ಕಾಫಿಯ ಲಾಭದಲ್ಲಿ ಶೇ. 25 ವ್ಯಾಪಾರದ ಆದಾಯ, ಶೇ. 75 ಕೃಷಿ ಆದಾಯ. ಬೆಳೆದು, ಕ್ಯೂರಿಂಗ್ ಮಾಡಿ, ಹುರಿದು ಪುಡಿ ಮಾಡಿ ಮಾರಿದರೆ, ಚಿಕೋರಿ ಸೇರಿಸಲಿ ಬಿಡಲಿ, ವ್ಯಾಪಾರದ ಪಾಲು ಶೇ. 40. ಕ್ಯೂರಿಂಗ್ ಮಾಡದೆ ಹಾಗೇ ಮಾರಿದರೆ ಪೂರ್ತಿ ಕೃಷಿ ಆದಾಯ. ಬೆಳೆಗಾರರೊಬ್ಬರು ಬೆಳೆದು ಕ್ಯೂರಿಂಗ್ ಮಾಡಿ ಮಾರಿ 2025-26ರಲ್ಲಿ 60 ಲಕ್ಷ ಲಾಭ ಪಡೆದರು, ಬೇರೆ ಆದಾಯವಿಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿದ್ದಾರೆ, ವಯಸ್ಸು ಐವತ್ತು. ವ್ಯಾಪಾರದ ಆದಾಯ 15 ಲಕ್ಷ, ಕೃಷಿ 45 ಲಕ್ಷ. ಕೃಷಿ ಆದಾಯ 5,000 ದಾಟಿದೆ, ಉಳಿದ ಆದಾಯ 4 ಲಕ್ಷದ ಮೂಲ ವಿನಾಯಿತಿ ದಾಟಿದೆ, ಆದ್ದರಿಂದ ಎರಡನ್ನೂ ಕೂಡಿಸಿ ದರ ಕಂಡುಹಿಡಿಯಬೇಕು. ಮೊದಲ ಹೆಜ್ಜೆ, 60 ಲಕ್ಷದ ಮೇಲಿನ ತೆರಿಗೆ: 24 ಲಕ್ಷದವರೆಗೆ 3,00,000, ಉಳಿದ 36 ಲಕ್ಷಕ್ಕೆ ಶೇ. 30ರಂತೆ 10,80,000, ಒಟ್ಟು 13,80,000. ಎರಡನೆಯದು, ಕೃಷಿಯ 45 ಲಕ್ಷಕ್ಕೆ ಮೂಲ ವಿನಾಯಿತಿಯ 4 ಲಕ್ಷ ಕೂಡಿಸಿ 49 ಲಕ್ಷದ ಮೇಲಿನ ತೆರಿಗೆ: 3,00,000 ಮತ್ತು 7,50,000, ಒಟ್ಟು 10,50,000. ವ್ಯತ್ಯಾಸ 3,30,000. ಶೇ. 4 ಸೆಸ್ 13,200 ಸೇರಿ 3,43,200.

ಇಲ್ಲಿ ಪೆನ್ನು ಜಾರುವ ಜಾಗ ನೋಡಿ. 60 ಲಕ್ಷ ಕಂಡ ಕೂಡಲೇ ದೊಡ್ಡ ಆದಾಯದವರ ತೆರಿಗೆಯ ಮೇಲೆ ಬೀಳುವ ಹೆಚ್ಚುವರಿ ತೆರಿಗೆ, ಅಂದರೆ ಸರ್‌ಚಾರ್ಜ್ ಹಾಕುವವರು ಇದ್ದಾರೆ. ಸರ್‌ಚಾರ್ಜ್ ನೋಡಬೇಕಾದದ್ದು ಒಟ್ಟು ಆದಾಯದ ಮೇಲೆ. ಕೃಷಿ ಆದಾಯ ಅದರಲ್ಲಿ ಸೇರಿಲ್ಲ, ಒಟ್ಟು ಆದಾಯ 15 ಲಕ್ಷವೇ. ಅದೇ ಕಾರಣಕ್ಕೆ ಲಾಭ 20 ಲಕ್ಷವಾಗಿದ್ದರೆ ಕಥೆ ಬೇರೆ: ವ್ಯಾಪಾರದ ಪಾಲು 5 ಲಕ್ಷ, ಕೃಷಿ 15 ಲಕ್ಷ, ವ್ಯತ್ಯಾಸದ ತೆರಿಗೆ 20,000. ಆದರೆ ಒಟ್ಟು ಆದಾಯ 12 ಲಕ್ಷದ ಒಳಗಿರುವುದರಿಂದ ಕಲಂ 87ಎ ರಿಬೇಟ್ (ತೆರಿಗೆ ಮನ್ನಾ) ಸಿಕ್ಕಿ ಕಟ್ಟಬೇಕಾದದ್ದು ಸೊನ್ನೆ. ಆ ಕೊನೆಯ ಸಾಲು ಬರೆಯದೆ 20,800 ಎಂದು ಮುಗಿಸಿದವರು ಅಂಕ ಕಳೆದುಕೊಳ್ಳುತ್ತಾರೆ. ಒಂದೇ ಲೆಕ್ಕವನ್ನು ಹೀಗೆ ಎರಡು ಮೊತ್ತದಲ್ಲಿ ಮಾಡಿ ನೋಡುವುದು ಬೇರೆಬೇರೆ ಹತ್ತು ಲೆಕ್ಕ ಮಾಡುವುದಕ್ಕಿಂತ ಹೆಚ್ಚು ಕಲಿಸುತ್ತದೆ.

ತೆರಿಗೆ ಓದುವವರು ಒಂದು ಎಚ್ಚರಿಕೆ ಇಟ್ಟುಕೊಳ್ಳಬೇಕು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಕಲಮುಗಳ ಸಂಖ್ಯೆಗಳೆಲ್ಲ ಬದಲು. ನಿಮ್ಮ ಅಟೆಂಪ್ಟಿಗೆ ಯಾವ ಕಾಯ್ದೆ, ಯಾವ ವರ್ಷದ ದರ ಅನ್ವಯ ಅಂತ ಐಸಿಎಐ ಪ್ರಕಟಣೆಯಲ್ಲಿ ಮೊದಲು ನೋಡಿಕೊಂಡೇ ಪುಸ್ತಕ ಕೊಳ್ಳಿ. ಸೀನಿಯರ್ ಕೊಟ್ಟ ಹಳೆಯ ನೋಟ್ಸ್ ಕಾಸ್ಟಿಂಗಿಗೆ, ಅಕೌಂಟ್ಸಿಗೆ ನಡೆಯುತ್ತದೆ. ತೆರಿಗೆಗೆ ನಡೆಯುವುದಿಲ್ಲ, ಕಂಪನಿ ಕಾನೂನಿಗೂ ಜಾಗ್ರತೆ ಬೇಕು. ತಿದ್ದುಪಡಿಗಳು ಪರೀಕ್ಷೆಗೆ ಸುಮಾರು ಆರು ತಿಂಗಳ ಹಿಂದಿನವರೆಗಿನವು ಬರುತ್ತವೆ, ಅವು ಆರ್‌ಟಿಪಿಯಲ್ಲಿ ಒಟ್ಟಾಗಿ ಸಿಗುತ್ತವೆ. ಬೇರೆಲ್ಲೂ ಹುಡುಕಬೇಕಿಲ್ಲ.

ಜಿಎಸ್‌ಟಿಯಲ್ಲೂ ನಮ್ಮ ಕಡೆಯವರಿಗೆ ಬೇಗ ನೆನಪಿನಲ್ಲಿ ಉಳಿಯುವ ಒಂದು ಅಂಶವಿದೆ. ಸಿಜಿಎಸ್‌ಟಿ ಕಾಯ್ದೆಯ ಕಲಂ 23ರಲ್ಲಿ ಕೃಷಿಕನಿಗೆ ತನ್ನ ಜಮೀನಿನ ಬೆಳೆ ಮಾರುವ ಮಟ್ಟಿಗೆ ನೋಂದಣಿ ಬೇಡ. ಆದರೆ ಕಲಂ 2(7)ರ ಪ್ರಕಾರ ಕೃಷಿಕ ಅಂದರೆ ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬ ಮಾತ್ರ. ಅಣ್ಣತಮ್ಮಂದಿರು ಪಾರ್ಟ್‌ನರ್‌ಶಿಪ್ ಫರ್ಮ್ ಮಾಡಿಕೊಂಡು ತೋಟ ನಡೆಸಿದರೆ ಆ ಫರ್ಮ್ ಈ ಅರ್ಥದಲ್ಲಿ ಕೃಷಿಕನಲ್ಲ. ಎಂಸಿಕ್ಯೂನಲ್ಲಿ ಕೇಳುವುದು ಇಂಥ ಗೆರೆಗಳನ್ನೇ.

ಭಾಷೆಯ ಮಾತಿಗೆ ಬರೋಣ. ಸಿಎ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಬರೆಯಬಹುದು, ಕನ್ನಡದಲ್ಲಿ ಬರೆಯುವ ಅವಕಾಶ ಇಲ್ಲ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಅರಕಲಗೂಡಿನ ಹುಡುಗನಿಗೆ, ಕಡೂರಿನ ಹುಡುಗಿಗೆ ಇದು ನಿಜವಾದ ಹೊರೆ. ಅದನ್ನು ಹೊರೆ ಎಂದೇ ಒಪ್ಪಿಕೊಂಡು ದಾರಿ ಹುಡುಕಬೇಕು. ಅರ್ಥ ಮಾಡಿಕೊಳ್ಳುವುದು ಕನ್ನಡದಲ್ಲೇ ಆಗಲಿ. ಒಂದು ಕಲಂ ಓದಿ, ಪುಸ್ತಕ ಮುಚ್ಚಿ, ಮನೆಯವರಿಗೆ ಹೇಳುವ ಹಾಗೆ ಕನ್ನಡದಲ್ಲಿ ಜೋರಾಗಿ ಹೇಳಿ. ಹೇಳಲು ತಡವರಿಸಿದರೆ ಅರ್ಥವಾಗಿಲ್ಲ ಎಂದೇ ಲೆಕ್ಕ. ಅರ್ಥವಾದ ಮೇಲೆ ಆ ಕಲಮಿನ ಐದಾರು ಬೀಜಪದಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಅಕ್ಷರಕ್ಷರ ಬಾಯಿಪಾಠ ಮಾಡಿ. ಇಡೀ ಪ್ಯಾರಾ ಉರು ಹೊಡೆಯಬೇಡಿ, ನಡುವೆ ಒಂದು ಪದ ಮರೆತರೆ ಉಳಿದದ್ದೂ ನಿಂತುಹೋಗುತ್ತದೆ.

ಉದಾಹರಣೆಗೆ ಕಂಪನಿ ಕಾಯ್ದೆ 2013ರ ಕಲಂ 173. ಪ್ರಶ್ನೆ ಹೀಗಿದೆ ಅನ್ನಿ: ಒಂದು ಕಂಪನಿಯ ಬೋರ್ಡ್ ಏಪ್ರಿಲ್ 10ರಂದು ಸೇರಿತು, ಮುಂದಿನ ಸಭೆ ಆಗಸ್ಟ್ 20ರಂದು, ಇದು ಸರಿಯೇ? ಉತ್ತರಕ್ಕೆ ಮೂರು ತುಂಡು. ಮೊದಲನೆಯದು ಕಾನೂನು: ವರ್ಷಕ್ಕೆ ಕನಿಷ್ಠ ನಾಲ್ಕು ಸಭೆ, ಎರಡು ಸಭೆಗಳ ನಡುವೆ 120 ದಿನಕ್ಕಿಂತ ಹೆಚ್ಚು ಅಂತರ ಇರಬಾರದು. ಇಲ್ಲಿ ಬಾಯಿಪಾಠ ಬೇಕಾದ ಪದಗಳು "ನಾಟ್ ಮೋರ್ ದ್ಯಾನ್ ಒನ್ ಹಂಡ್ರೆಡ್ ಅಂಡ್ ಟ್ವೆಂಟಿ ಡೇಸ್ ಶಲ್ ಇಂಟರ್‌ವೀನ್" ಮತ್ತು "ಕನ್ಸೆಕ್ಯುಟಿವ್ ಮೀಟಿಂಗ್ಸ್". ಎರಡನೆಯದು ಸಂಗತಿ: ಏಪ್ರಿಲ್‌ನಲ್ಲಿ ಉಳಿದ 20 ದಿನ, ಮೇ 31, ಜೂನ್ 30, ಜುಲೈ 31, ಆಗಸ್ಟ್ 19, ಒಟ್ಟು 131. ಈ ಎಣಿಕೆಯನ್ನು ಉತ್ತರದಲ್ಲೇ ಬರೆಯಬೇಕು. ಮೂರನೆಯದು ತೀರ್ಮಾನ, ಒಂದೇ ಸಾಲು: ಕಲಂ 173ರ ಉಲ್ಲಂಘನೆ ಆಗಿದೆ. ಆದರೆ ಪ್ರಶ್ನೆಯಲ್ಲಿ ಎಲ್ಲೋ ಒಂದು ಕಡೆ "ಸ್ಮಾಲ್ ಕಂಪನಿ" ಎಂಬ ಎರಡು ಪದ ಇದ್ದರೆ ಉತ್ತರವೇ ತಿರುಗುತ್ತದೆ. ಸಣ್ಣ ಕಂಪನಿಗೆ, ಒನ್ ಪರ್ಸನ್ ಕಂಪನಿಗೆ ಕ್ಯಾಲೆಂಡರ್ ವರ್ಷದ ಪ್ರತಿ ಅರ್ಧದಲ್ಲಿ ಒಂದು ಸಭೆ ಸಾಕು, ನಡುವೆ 90 ದಿನಕ್ಕಿಂತ ಕಡಿಮೆ ಇರಬಾರದು ಅಷ್ಟೆ. ಪ್ರಶ್ನೆ ಓದುವಾಗ ಕಂಪನಿಯ ಜಾತಿ ಯಾವುದು ಎಂಬುದರ ಕೆಳಗೆ ಗೆರೆ ಎಳೆಯುವ ಅಭ್ಯಾಸ ಮಾಡಿಕೊಳ್ಳಿ. ತೀರ್ಮಾನ ತಪ್ಪಾದರೂ ಕಾನೂನು ಸರಿಯಾಗಿ ಬರೆದಿದ್ದರೆ ಅರ್ಧದಷ್ಟು ಅಂಕಕ್ಕೆ ಮೋಸವಿಲ್ಲ. ಕಲಮಿನ ಸಂಖ್ಯೆ ಖಚಿತವಾಗಿ ನೆನಪಿಲ್ಲದಿದ್ದರೆ ಹಾಕಬೇಡಿ, ಕಂಪನಿ ಕಾಯ್ದೆ 2013ರ ಪ್ರಕಾರ ಎಂದು ಬರೆದರೆ ಸಾಕು. ತಪ್ಪು ಸಂಖ್ಯೆ ಒಳ್ಳೆಯ ಉತ್ತರದ ಮೇಲೂ ಅನುಮಾನ ತರುತ್ತದೆ.

ಆಡಿಟ್ ಪೇಪರಿಗೂ ಇದೇ ಮೂರು ತುಂಡು ನಡೆಯುತ್ತದೆ. ಸ್ಟ್ಯಾಂಡರ್ಡ್‌ಗಳ ಸಂಖ್ಯೆ ಮತ್ತು ಹೆಸರನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ: ಎಸ್‌ಎ (ಸ್ಟ್ಯಾಂಡರ್ಡ್ ಆನ್ ಆಡಿಟಿಂಗ್) 230 ದಾಖಲೆ, 505 ಹೊರಗಿನವರಿಂದ ದೃಢೀಕರಣ, 530 ಸ್ಯಾಂಪ್ಲಿಂಗ್, 570 ಗೋಯಿಂಗ್ ಕನ್ಸರ್ನ್. ಹಲ್ಲುಜ್ಜುವಾಗ ಕಣ್ಣಿಗೆ ಬೀಳುವ ಜಾಗದಲ್ಲಿರಲಿ.

ಇಪ್ಪತ್ತು ಗಂಟೆಗೆ ಹಿಡಿಯುವಂತೆ ವಿಷಯವನ್ನು ಇಳಿಸುವುದು ಹೇಗೆ? ಬೇರೆ ನೋಟ್ಸ್ ಬರೆಯುತ್ತ ಕೂರುವುದು ನಮಗೆ ಸರಿಕಾಣುವುದಿಲ್ಲ. ಸ್ಟಡಿ ಮೆಟೀರಿಯಲನ್ನು ಪುಟಪುಟ ನಕಲು ಮಾಡಿ ನಾಲ್ಕು ತಿಂಗಳು ಕಳೆಯುವವರಿದ್ದಾರೆ, ಕೊನೆಗೆ ಅವರ ನೋಟ್ಸೇ ಮುನ್ನೂರು ಪುಟ. ಅದರ ಬದಲು ಲೆಕ್ಕದ ವಿಷಯಗಳಲ್ಲಿ ಪ್ರಶ್ನೆಗಳಿಗೇ ಗುರುತು ಹಾಕಿ. ಮೊದಲ ಸಲ ತಾನಾಗಿ ಬಂದದ್ದಕ್ಕೆ ಒಂದು ಚುಕ್ಕಿ, ನಡುವೆ ಸಿಕ್ಕಿಹಾಕಿಕೊಂಡು ಆಮೇಲೆ ಬಂದದ್ದಕ್ಕೆ ಎರಡು, ಉತ್ತರ ನೋಡಿಯೇ ಮಾಡಿದ್ದಕ್ಕೆ ಮೂರು. ಆರು ದಿನದ ಸುತ್ತಿನಲ್ಲಿ ಎರಡು ಮತ್ತು ಮೂರು ಚುಕ್ಕಿಯವನ್ನು ಪೂರ್ತಿ ಬರೆದು ಮಾಡಿ. ಮೂರು ದಿನದ ಸುತ್ತಿನಲ್ಲಿ ಆಗಲೂ ತಪ್ಪಿದವನ್ನು ಮಾತ್ರ. ಒಂದೂವರೆ ದಿನದಲ್ಲಿ ಅವುಗಳ ಅಡ್ಜಸ್ಟ್‌ಮೆಂಟುಗಳನ್ನು ಕಣ್ಣಿನಲ್ಲಿ ನೋಡಿ, ಅಧ್ಯಾಯಕ್ಕೆ ಒಂದರಂತೆ ಲೆಕ್ಕ ಕೈಯಲ್ಲಿ ಮಾಡಿ. ಹೀಗೆ ಒಂದು ಅಧ್ಯಾಯದ ನಲವತ್ತು ಲೆಕ್ಕ ಕೊನೆಗೆ ಆರೇಳಕ್ಕೆ ಇಳಿಯುತ್ತದೆ.

ಜೊತೆಗೆ ಒಂದೇ ಒಂದು ನೋಟ್‌ಬುಕ್ ಬೇಕು, ತಪ್ಪುಗಳದ್ದು. ನೂರು ಪುಟದ್ದು ಸಾಕು. ತಪ್ಪಿದಾಗಲೆಲ್ಲ ಒಂದೇ ಸಾಲು ಬರೆಯಿರಿ: ಹೊಟ್ಟಿನ ಬೆಲೆ ಕಳೆಯಲಿಲ್ಲ, ಕೃಷಿ ಆದಾಯ ಸೇರಿಸಿ ಸರ್‌ಚಾರ್ಜ್ ನೋಡಿದೆ, ಡಿಪ್ರಿಸಿಯೇಶನ್ ಆರು ತಿಂಗಳಿಗೆ ಹಾಕಬೇಕಿತ್ತು. ಪರೀಕ್ಷೆಯ ದಿನ ಬೆಳಿಗ್ಗೆ ಓದಬೇಕಾದ ಪುಸ್ತಕ ಅದು.

ಕ್ಯಾಲ್ಕುಲೇಟರ್ ಬಗ್ಗೆ ಯಾರೂ ಹೇಳಿಕೊಡುವುದಿಲ್ಲ, ಆದರೆ ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್ ಪೇಪರಿನಲ್ಲಿ ಅದು ಹತ್ತು ನಿಮಿಷ ಉಳಿಸುತ್ತದೆ. ಪರೀಕ್ಷೆಗೆ ಬಿಡುವುದು 12 ಅಂಕಿ, ಆರು ಫಂಕ್ಷನ್, ಎರಡು ಮೆಮೊರಿ ಮೀರದ, ಸದ್ದು ಮಾಡದ ಸಾದಾ ಬ್ಯಾಟರಿ ಕ್ಯಾಲ್ಕುಲೇಟರ್. ಜಿಟಿ (ಗ್ರ್ಯಾಂಡ್ ಟೋಟಲ್, ಬಂದ ಉತ್ತರಗಳನ್ನೆಲ್ಲ ಕೂಡಿಸುವ) ಗುಂಡಿ ಇರುವುದನ್ನು ಕೊಳ್ಳಿ. ಶೇ. 10ರ ಡಿಸ್ಕೌಂಟ್ ಫ್ಯಾಕ್ಟರ್ (ಮುಂದೆ ಬರುವ ಒಂದು ರೂಪಾಯಿಯ ಇಂದಿನ ಬೆಲೆ) ಬೇಕಾದರೆ 1 ÷ 1.1 ಒತ್ತಿ ಸಮ ಚಿಹ್ನೆಯನ್ನು ಒಂದೊಂದೇ ಸಲ ಒತ್ತುತ್ತ ಹೋಗಿ: 0.909, 0.826, 0.751. ಕೆಲವು ಕ್ಯಾಲ್ಕುಲೇಟರಿನಲ್ಲಿ ಇದಕ್ಕೆ 1.1 ÷ ÷ 1 ಒತ್ತಬೇಕು. ಮೂರು ಸಲದ ನಂತರ ಜಿಟಿ ಒತ್ತಿದರೆ 2.487, ಮೂರು ವರ್ಷದ ಆನ್ಯೂಟಿ ಫ್ಯಾಕ್ಟರ್. ಶುರುಮಾಡುವ ಮುನ್ನ ಎಸಿ ಒತ್ತಿ ಜಿಟಿ ಖಾಲಿ ಮಾಡದಿದ್ದರೆ ಹಿಂದಿನ ಲೆಕ್ಕ ಸೇರಿಕೊಂಡು ಎಲ್ಲ ಕೆಡುತ್ತದೆ. ಎಂಟು ತಿಂಗಳೂ ಒಂದೇ ಕ್ಯಾಲ್ಕುಲೇಟರ್ ಬಳಸಿ, ಬೆರಳಿಗೆ ಗುಂಡಿಯ ಜಾಗ ಗೊತ್ತಿರಬೇಕು.

ಎಂಸಿಕ್ಯೂಗಳಲ್ಲಿ ಫೌಂಡೇಶನ್ ಮತ್ತು ಇಂಟರ್ ಒಂದೇ ಅಲ್ಲ. ಫೌಂಡೇಶನ್‌ನ ಮೂರು ಮತ್ತು ನಾಲ್ಕನೇ ಪೇಪರಿನಲ್ಲಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ, ಇಂಟರ್‌ನಲ್ಲಿ ಕಳೆಯುವುದಿಲ್ಲ. ಆದ್ದರಿಂದ ಇಂಟರ್‌ನಲ್ಲಿ ಒಂದನ್ನೂ ಖಾಲಿ ಬಿಡಬಾರದು. ಕೇಸ್ (ಪ್ರಶ್ನೆಗಳಿಗೆ ಆಧಾರವಾಗಿ ಕೊಟ್ಟ ಸನ್ನಿವೇಶ) ಓದುವ ಮುಂಚೆ ಅದರ ಕೆಳಗಿನ ಪ್ರಶ್ನೆಗಳನ್ನು ಓದಿದರೆ ಕೇಸಿನಲ್ಲಿ ಏನು ಹುಡುಕಬೇಕು ಎಂಬುದು ಗೊತ್ತಾಗುತ್ತದೆ.

ಪರೀಕ್ಷೆಯ ದಿನ 1.45ಕ್ಕೆ ಪ್ರಶ್ನೆಪತ್ರಿಕೆ ಕೊಟ್ಟು ಓದಲು ಹದಿನೈದು ನಿಮಿಷ ಬಿಡುತ್ತಾರೆ. ಆ ಹೊತ್ತಿನಲ್ಲಿ ತೀರ್ಮಾನಿಸಬೇಕಾದದ್ದು ಒಂದೇ: ಹೆಚ್ಚಿನ ಪೇಪರಿನಲ್ಲಿ ಮೊದಲ ಪ್ರಶ್ನೆ ಕಡ್ಡಾಯ, ಉಳಿದ ಐದರಲ್ಲಿ ಯಾವ ಒಂದನ್ನು ಬಿಡುವುದು. ತೀರ್ಮಾನವಾದ ಮೇಲೆ ಅದರ ಕಡೆ ಮತ್ತೆ ತಿರುಗಿ ನೋಡಬೇಡಿ. ಕಪ್ಪು ಶಾಯಿಯ ಪೆನ್ನು, ಪ್ರತಿ ಪ್ರಶ್ನೆ ಹೊಸ ಪುಟದಲ್ಲಿ, ವರ್ಕಿಂಗ್ ನೋಟ್‌ಗೆ ಸಂಖ್ಯೆ. ಕೇಂದ್ರ ಬೇರೆ ಊರಿನಲ್ಲಿ ಬಂದಿದ್ದರೆ ಹಿಂದಿನ ದಿನವೇ ಹೋಗಿ ಉಳಿಯಿರಿ. ಚಾರ್ಮಾಡಿ, ಶಿರಾಡಿ ಘಾಟಿಯನ್ನು ಮಳೆಗಾಲದಲ್ಲಿ ನಂಬಿ ಬೆಳಿಗ್ಗೆ ಹೊರಡುವುದು ಬೇಡ. ಮುಗಿಸಿ ಬಂದ ಮೇಲೆ ಗೆಳೆಯರ ಜೊತೆ ಉತ್ತರ ತಾಳೆ ನೋಡುವುದೂ ಬೇಡ. ಆ ನಲವತ್ತೈದು ಗಂಟೆ ಆಗಲೇ ಶುರುವಾಗಿರುತ್ತದೆ.

ಫಲಿತಾಂಶ ನಿರೀಕ್ಷಿಸಿದಂತೆ ಬರದಿದ್ದರೆ ಒಂದು ಕೆಲಸ ತಪ್ಪದೆ ಮಾಡಿ. ಮೂವತ್ತು ದಿನದೊಳಗೆ ಅರ್ಜಿ ಹಾಕಿದರೆ ನಿಮ್ಮ ಉತ್ತರ ಪತ್ರಿಕೆಯ ದೃಢೀಕೃತ ಪ್ರತಿ ಸಿಗುತ್ತದೆ. ಮರುಮೌಲ್ಯಮಾಪನ ಇಲ್ಲ, ಕೂಡಿಕೆ ತಪ್ಪಿದ್ದರೆ ಅಥವಾ ಯಾವುದಾದರೂ ಉತ್ತರ ನೋಡದೆ ಬಿಟ್ಟಿದ್ದರೆ ಮಾತ್ರ ತಿದ್ದುತ್ತಾರೆ. ಆದರೆ ಪ್ರತಿ ತರಿಸುವುದು ಅದಕ್ಕಾಗಿ ಅಲ್ಲ. ಪಕ್ಕದಲ್ಲಿ ಸಜೆಸ್ಟೆಡ್ ಆನ್ಸರ್ ಇಟ್ಟುಕೊಂಡು, ಹೋದ ಪ್ರತಿ ಅಂಕದ ಮುಂದೆ ಕಾರಣ ಬರೆಯಿರಿ: ಗೊತ್ತಿರಲಿಲ್ಲ, ಗೊತ್ತಿದ್ದೂ ಬರೆಯಲಿಲ್ಲ, ಹೊತ್ತು ಸಾಲಲಿಲ್ಲ. ಮೂರನ್ನೂ ಬೇರೆಬೇರೆ ಕೂಡಿಸಿ. ಗೊತ್ತಿಲ್ಲದ್ದಕ್ಕೆ ಹೋದದ್ದು ಹೆಚ್ಚಿದ್ದರೆ ಆ ಅಧ್ಯಾಯಗಳನ್ನು ಮತ್ತೆ ಓದಿ. ಉಳಿದ ಎರಡರಲ್ಲಿ ಹೋದದ್ದೇ ಹೆಚ್ಚಿದ್ದರೆ ಹೊಸ ಕ್ಲಾಸಿಗೆ ದುಡ್ಡು ಕಟ್ಟಬೇಡಿ. ಗಡಿಯಾರ ಮುಂದಿಟ್ಟುಕೊಂಡು, ಗೆರೆಯಿಲ್ಲದ ಬಿಳಿ ಹಾಳೆಯಲ್ಲಿ, ವಾರಕ್ಕೆ ಎರಡು ಪೂರ್ಣ ಪೇಪರ್ ಮಧ್ಯಾಹ್ನ 2ರಿಂದ 5ರವರೆಗೇ ಬರೆಯಿರಿ. ಊಟದ ನಂತರ ನಿದ್ದೆ ಎಳೆಯುವ ಆ ಹೊತ್ತಿಗೆ ಎಚ್ಚರವಾಗಿರುವುದನ್ನೂ ಮೈಗೆ ಅಭ್ಯಾಸ ಮಾಡಿಸಬೇಕಾಗುತ್ತದೆ.